ಕಾಸರವಳ್ಳಿ ಸಿನಿಮಾ ಎಲ್ಲಿಂದ ಶುರು ಮಾಡಬೇಕು?

ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರ ಸಿನಿಮಾ ನಿಧಾನ ಅಂತಾರೆ, ಮೊದಲು ಯಾವುದು ನೋಡಲಿ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ 'ಗುಲಾಬಿ ಟಾಕೀಸ್' (2008) ನೋಡಿ. 'ಘಟಶ್ರಾದ್ಧ' (1977) ದೊಡ್ಡ ಚಿತ್ರವೇ, ಆದರೆ ಅದನ್ನು ಆಮೇಲೆ ನೋಡಿದರೆ ಜಾಸ್ತಿ ದಕ್ಕುತ್ತದೆ.

ಗುಲಾಬಿ ಮೀನುಗಾರರ ಊರಿನ ಸೂಲಗಿತ್ತಿ. ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ ಬರುತ್ತದೆ. ಹೆಂಗಸರು ಅಲ್ಲಿ ಸೇರುತ್ತಾರೆ, ನಗುತ್ತಾರೆ, ಗುಟ್ಟು ಹಂಚಿಕೊಳ್ಳುತ್ತಾರೆ. ಹೊರಗೆ ಕಾರ್ಗಿಲ್ ಯುದ್ಧದ ಕಾಲ, ಗುಲಾಬಿ ಮುಸ್ಲಿಂ. ಊರು ಅವಳನ್ನು ನೋಡುವ ರೀತಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಕಾಸರವಳ್ಳಿ ಇದನ್ನು ಭಾಷಣದಲ್ಲಿ ಹೇಳುವುದಿಲ್ಲ. ಆ ಕೋಣೆಯಲ್ಲಿ ಯಾರು ಒಳಗೆ ಬಂದು ಕೂರುತ್ತಾರೆ, ಯಾರು ಬರುವುದು ಬಿಡುತ್ತಾರೆ ಅನ್ನುವುದನ್ನು ಗಮನಿಸಿ, ಸಾಕು. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೆ ಇದಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಆಮೇಲೆ 'ತಬರನ ಕಥೆ', 'ದ್ವೀಪ' ನೋಡಿ. ತಬರನಿಗೆ ಬೇಕಿರುವುದು ತನ್ನ ಪಿಂಚಣಿ ಮಾತ್ರ, ಹೆಂಡತಿಯ ಕಾಲು ಕೊಳೆಯುತ್ತಿದೆ, ಕಡತ ಕದಲುವುದಿಲ್ಲ. ಅಲ್ಲಿ ನಿಧಾನ ಅನ್ನುವುದೇ ಕಥೆ ಅಲ್ವಾ? ತಬರ ಕಾಯುತ್ತಾನೆ, ನಾವೂ ಕಾಯಬೇಕು.

ಕಥೆ ಕಟ್ಟುವ ಕ್ರಮ ಇಷ್ಟವಾದರೆ 'ಕನಸೆಂಬ ಕುದುರೆಯನೇರಿ' (2010) ಬಿಡಬೇಡಿ. ಹೆಣ ಹೂಳಲು ಗುಂಡಿ ತೋಡುವ ಈರ್ಯನ ಕಡೆಯಿಂದ ಒಮ್ಮೆ, ಗೌಡರ ಮನೆಯ ಒಳಗಿನಿಂದ ಇನ್ನೊಮ್ಮೆ ಅದೇ ಘಟನೆ ತೆರೆದುಕೊಳ್ಳುತ್ತದೆ. ಊರಲ್ಲಿ ಸಾವಾಗುತ್ತದೆ ಅನ್ನುವ ಈರ್ಯನ ಕನಸು ಸುಳ್ಳಾಯಿತು ಅಂದುಕೊಂಡಿದ್ದ ನಮಗೆ ಆಗ ನಿಜ ತಿಳಿಯುತ್ತದೆ. ಫೋನ್ ಪಕ್ಕಕ್ಕಿಟ್ಟು ನೋಡಿ.