ಹೊಟ್ಟೆಯ ಕೊಬ್ಬು ಎದೆಗೆ ಮದ್ದಾಗುತ್ತದೆಯೇ?

ಪ್ರಶ್ನೆ: ಅವ್ವನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಈಗ ಗುಣವಾಗಿದೆ. ಆದರೆ ಕರೆಂಟು (ರೇಡಿಯೇಷನ್) ಕೊಟ್ಟ ಜಾಗ ಹಲಗೆಯಂತೆ ಗಟ್ಟಿ. ರೊಟ್ಟಿ ಬಡಿಯುವಾಗ ಎಳೆದು ನೋಯುತ್ತದೆ. ಹೊಟ್ಟೆಯ ಕೊಬ್ಬು ತೆಗೆದು ಅಲ್ಲಿ ತುಂಬಿದರೆ ಸರಿಹೋಗುತ್ತದಂತೆ, ನಿಜವೇ?
- ಓದುಗರು, ಆಳಂದ

ಉತ್ತರ: ನಿಜವಿದೆ, ಆದರೆ ಎಲ್ಲರಿಗೂ ಅಲ್ಲ. ‘ಜೀವ ಉಳೀತಲ್ಲ, ಸಾಕು ಬಿಡ್ರಿ’ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳು ಇಂಥ ನೋವು ನುಂಗುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಆದ ನನಗೆ ಅದು ಒಪ್ಪಿಗೆಯಿಲ್ಲ.

ರೇಡಿಯೇಷನ್‌ನಿಂದ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ರಕ್ತ ಸಾಲದ ಕಡೆ ನಾರು ಬೆಳೆದು ಚರ್ಮ ಬಿಗಿಯುತ್ತದೆ. ಕೊಬ್ಬಿನಲ್ಲಿ ಕಾಂಡಕೋಶಗಳಿವೆ, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು. ಅವು ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ ಎಂಬುದು ಲೆಕ್ಕಾಚಾರ. 2007ರಲ್ಲಿ ಇಟಲಿಯ ಜೀನೊ ರಿಗೊಟ್ಟಿ ತಂಡ 20 ರೋಗಿಗಳಲ್ಲಿ ಸುಧಾರಣೆ ಕಂಡದ್ದನ್ನು ವರದಿ ಮಾಡಿತು. ಸಣ್ಣ ಸಂಖ್ಯೆ, ಅಲ್ವಾ? ಹಾಗಾಗಿ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಕೊಬ್ಬನ್ನು ಸಣ್ಣ ಕೊಳವೆಯಿಂದ ಎಳೆದು, ಶುದ್ಧ ಮಾಡಿ, ಹನಿಹನಿಯಾಗಿ ಚುಚ್ಚುತ್ತಾರೆ. ಒಂದೇ ಕಡೆ ಜಾಸ್ತಿ ತುಂಬಿದರೆ ಸತ್ತು ಗಂಟಾಗುತ್ತದೆ. ಸ್ವಲ್ಪ ಭಾಗ ಕರಗಿಯೂ ಹೋಗುತ್ತದೆ. ಹಾಗಾಗಿ ಎರಡು-ಮೂರು ಸಲ ಮಾಡಬೇಕಾಗಬಹುದು.

ಮೊದಲು ಕ್ಯಾನ್ಸರ್ ಮರಳಿಲ್ಲವೆಂದು ಖಾತ್ರಿಯಾಗಲಿ. ಹೊಸ ಗಂಟು, ಹುಣ್ಣು ಕಂಡರೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಮೊದಲು. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲಾದರೂ ಸರಿ, ಹಳೆಯ ರೇಡಿಯೇಷನ್ ಕಾಗದಗಳೊಂದಿಗೆ ತೋರಿಸಿ. ಅವ್ವ ತಂಬಾಕು ಹಾಕುತ್ತಿದ್ದರೆ ಇವತ್ತೇ ಬಿಡಿಸಿ. ಭುಜದ ವ್ಯಾಯಾಮ ಈಗಲೇ ಶುರುವಾಗಲಿ.