ಕೇಳಿ, ಹೇಳ್ತೀನಿ: ಮೂರು ಅಡಿಯೊಳಗೆ ಮೂವತ್ತನಾಲ್ಕು ವರ್ಷ

ಪ್ರಶ್ನೆ: ಮೇಡಂ, 2025ರ ಬೇಸಿಗೆಯಲ್ಲಿ ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿದ್ದೆವು. ವಾಷಿಂಗ್ಟನ್ನಿನಲ್ಲಿ ವೈಟ್ ಹೌಸ್ ಎದುರಿನ ಪಾರ್ಕಿನಲ್ಲಿ ಒಂದು ಪುಟ್ಟ ಟೆಂಟು, ಸುತ್ತ ಬೋರ್ಡುಗಳು. ಅಣುಬಾಂಬ್ ಬೇಡ ಅಂತ 1981ರಿಂದ ಹಗಲೂ ರಾತ್ರಿ ಅಲ್ಲಿ ಯಾರಾದರೊಬ್ಬರು ಕೂತಿರುತ್ತಾರಂತೆ. ನಮ್ಮ ಯಜಮಾನರು ನಕ್ಕು, "ಇವರು ಕೂತಿದ್ದಕ್ಕೆ ಒಂದು ಬಾಂಬಾದರೂ ಕಮ್ಮಿ ಆಯ್ತಾ?" ಅಂದರು. ಸೆಪ್ಟೆಂಬರಿನಲ್ಲಿ ಆ ಟೆಂಟನ್ನು ತೆಗೆದು ಹಾಕಿದ ಸುದ್ದಿ ಓದಿದೆ. ಯಾಕೋ ಬೇಜಾರಾಯಿತು. ಯಾರು ಇವರೆಲ್ಲ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಮೊದಲು ಅಲ್ಲಿ ಕೂತಿದ್ದವರ ಕಥೆ.

ಶುರು ಮಾಡಿದವರು ವಿಲಿಯಂ ಥಾಮಸ್, 1981ರ ಜೂನ್ 3ರಂದು. ಆಗಸ್ಟಿನಲ್ಲಿ ಕೊನ್ಸೆಪ್ಸಿಯೊನ್ ಪಿಚೊಟ್ಟೊ ಬಂದು ಸೇರಿದರು. ಎಲ್ಲರೂ ಕೋನಿ ಅಂತಲೇ ಕರೆಯುತ್ತಿದ್ದರು. ಹುಟ್ಟಿದ್ದು ಸ್ಪೇನಿನಲ್ಲಿ. ಅಲ್ಲಿಂದ ನ್ಯೂಯಾರ್ಕಿಗೆ ಬಂದು ಕೆಲಸ ಹಿಡಿದರು, ಮದುವೆಯಾಯಿತು. ಸಂಸಾರ ಮುರಿದಾಗ ದತ್ತು ತೆಗೆದುಕೊಂಡಿದ್ದ ಮಗಳೂ ಕೈಬಿಟ್ಟು ಹೋದಳು. ಆ ಮಗಳಿಗಾಗಿ ಕೋರ್ಟು ಕಚೇರಿ ಅಲೆದು ವಾಷಿಂಗ್ಟನ್ನಿಗೆ ಬಂದವರು, ಅಲ್ಲೇ ಥಾಮಸ್ ಪಕ್ಕ ಕೂತುಬಿಟ್ಟರು. 2016ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಥಾಮಸ್ 2009ರಲ್ಲೇ ಹೋಗಿದ್ದರು.

ನಾನು ಕೋನಿಯನ್ನು ನೋಡಿದ್ದು 2010ರ ನವೆಂಬರಿನಲ್ಲಿ, ಮಗಳ ಬಾಣಂತನಕ್ಕೆ ಹೋಗಿದ್ದಾಗ. ಕುಳ್ಳಗಿನ ಜೀವ, ಬಿಸಿಲಿಗೆ ಸುಟ್ಟ ಮುಖ. ತಲೆಗೆ ಹೆಲ್ಮೆಟ್, ಅದರ ಮೇಲೆ ಸ್ಕಾರ್ಫು ಬಿಗಿಯಾಗಿ ಕಟ್ಟಿದ್ದರು. 'ಬಾಂಬ್ ನಂಬಿ ಬದುಕಿದರೆ ಬಾಂಬಿಂದಲೇ ಸಾವು' ಅನ್ನೋ ಅರ್ಥದ ಬೋರ್ಡು. ನನ್ನ ಕೈಗೊಂದು ಕರಪತ್ರ ತುರುಕಿ, ಶಾಲಾ ಮಕ್ಕಳ ಗುಂಪಿನ ಕಡೆ ತಿರುಗಿದರು. ಅಳಿಯ "ಅತ್ತೆ, ಪಾರ್ಕಿಂಗ್ ಟೈಮ್ ಆಯ್ತು" ಅಂತ ಅವಸರ ಮಾಡಿದ. ಒಂದು ಮಾತೂ ಆಡದೆ ಬಂದೆ. ಸುಳ್ಳು ಯಾಕೆ ಹೇಳಲಿ, ಆ ಹೆಲ್ಮೆಟ್ ನೋಡಿ ನನಗೂ ಸ್ವಲ್ಪ ಭಯವಾಗಿತ್ತು. ಸರ್ಕಾರ ತನ್ನನ್ನು ಹೇಗೆಲ್ಲ ಕಾಡುತ್ತಿದೆ ಅಂತ ಕೋನಿ ಹೇಳುತ್ತಿದ್ದದ್ದರಲ್ಲಿ ಕೆಲವನ್ನು ನಂಬೋದು ಕಷ್ಟ. ಆದರೆ ಕೂತದ್ದು ಸುಳ್ಳಲ್ಲವಲ್ಲ.

ಆ ಕೂರುವ ಕೆಲಸ ಎಂಥದ್ದು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಅಲ್ಲಿನ ನಿಯಮ ಓದಿದಾಗ. ಮೊದಲು ಇವರು ವೈಟ್ ಹೌಸ್ ಬೇಲಿಯ ಪಕ್ಕದ ಫುಟ್‌ಪಾತಿನಲ್ಲೇ ಇದ್ದರು. 80ರ ದಶಕದಲ್ಲಿ ಹೊಸ ಹೊಸ ನಿಯಮ ತಂದು ರಸ್ತೆಯಾಚೆ, ಲಫಾಯೆಟ್ ಪಾರ್ಕಿಗೆ ದಬ್ಬಿದರು. ಅಲ್ಲಿ ನೆಲದ ಮೇಲೆ ಇಡುವ ಬೋರ್ಡು ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಮೀರಬಾರದು. ಒಬ್ಬರಿಗೆ ಎರಡೇ ಬೋರ್ಡು. ಇಟ್ಟವರು ಬೋರ್ಡಿನಿಂದ ಮೂರು ಅಡಿಯೊಳಗೇ ಇರಬೇಕು. ಹಾಸಿಗೆ ಬಿಚ್ಚಿ ಮಲಗುವ ಹಾಗಿಲ್ಲ. ಆ ಪಾರ್ಕಿನಲ್ಲಿ ಮಲಗುವುದನ್ನು ತಡೆಯೋದು ಸರಿ ಅಂತ 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಕೋನಿ ಕೂತಲ್ಲೇ ತೂಕಡಿಸಿ ರಾತ್ರಿ ಕಳೆದರು. ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದರೆ ನನಗೆ ಎರಡು ದಿನ ಸೊಂಟ ಹಿಡಿದುಕೊಳ್ಳುತ್ತೆ. ಥಾಮಸ್ ಅಂತೂ ಈ ನಿಯಮಗಳ ಜೊತೆ ಗುದ್ದಾಡಿ ಎಷ್ಟೋ ಸಲ ಜೈಲು ಕಂಡರು.

ಇನ್ನು ನಿಮ್ಮ ಯಜಮಾನರಿಗೆ. 80ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಅಣ್ವಸ್ತ್ರ ಇದ್ದವು. ಈಗ 12,000ದ ಆಸುಪಾಸು. ಇದು ಕೋನಿಯಿಂದ ಆಯಿತು ಅಂದರೆ ಉತ್ಪ್ರೇಕ್ಷೆ. ಅಣ್ವಸ್ತ್ರ ಕಮ್ಮಿ ಮಾಡುವ ಒಪ್ಪಂದಗಳಿಗೆ ಸಹಿ ಹಾಕಿದವರು ಅಮೆರಿಕದ ಅಧ್ಯಕ್ಷ ರೇಗನ್, ಸೋವಿಯತ್ ನಾಯಕ ಗೊರ್ಬಚೆವ್, ಅವರ ನಂತರ ಬಂದವರು. ಆದರೆ ಪಾರ್ಕಿನವರು ಸುಮ್ನೆ ಕೂತಿರಲಿಲ್ಲ. ಥಾಮಸ್, ಅವರ ಹೆಂಡತಿ ಎಲೆನ್ ಮತ್ತು ಜೊತೆಗಾರರು ಊರೆಲ್ಲ ತಿರುಗಿ ಸಹಿ ಕೂಡಿಸಿ, 1993ರಲ್ಲಿ ವಾಷಿಂಗ್ಟನ್ ನಗರದ ಮತದಾರರ ಮುಂದೆ ಒಂದು ಪ್ರಸ್ತಾಪ ತಂದರು. ಅಣ್ವಸ್ತ್ರ ಬಿಡೋಣ, ಆ ದುಡ್ಡನ್ನು ಜನರ ಅಗತ್ಯಕ್ಕೆ ಹಾಕೋಣ ಅಂತ. ಪಾಸಾಯಿತು! ಅದರ ಮೇಲೆ ಆ ನಗರದ ಪ್ರತಿನಿಧಿ ಎಲೆನಾರ್ ಹೋಮ್ಸ್ ನಾರ್ಟನ್ 1994ರಿಂದ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಸೂದೆ ಮಂಡಿಸುತ್ತಾ ಬಂದರು. ತಮಾಷೆ ಏನು ಗೊತ್ತಾ? ರಾಜಧಾನಿಯ ಆ ಪ್ರತಿನಿಧಿಗೆ ಸದನದಲ್ಲಿ ಮಸೂದೆ ಪಾಸು ಮಾಡುವ ಓಟೇ ಇಲ್ಲ.

ಯಜಮಾನರು ನಕ್ಕರು ಅಂತ ಬೈಯಬೇಡಿ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಸ್ಫೋಟದ ಮಾರನೇ ದಿನ ನಮ್ಮ ಬ್ಯಾಂಕಿನಲ್ಲಿ ಧಾರವಾಡ ಪೇಡ ಹಂಚಿದವಳು ನಾನೇ. ನನ್ನ ಕೌಂಟರಿನ ಹಿರಿಯರೊಬ್ಬರು ಮಾತ್ರ ಪೇಡ ಮುಟ್ಟಲಿಲ್ಲ. ಶುಗರ್ ಇರಬೇಕು ಅಂದುಕೊಂಡೆ. ಮರುವಾರ ಯಾರದ್ದೋ ಮಗಳ ಮದುವೆ ಲಾಡು ತಿಂದರು.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಉಪವಾಸ, ಧರಣಿ ಬಗ್ಗೆ ಬರೆದಿದ್ದಿರಿ. ಧರಣಿ ಕೂತವರು ಶೌಚಕ್ಕೆ ಏನು ಮಾಡುತ್ತಾರೆ? ಇದನ್ನು ಯಾರೂ ಬರೆಯಲ್ಲ.
– ಒಬ್ಬ ವಿದ್ಯಾರ್ಥಿನಿ, ಶಿರಸಿ

ಉತ್ತರ: ಒಳ್ಳೆ ಪ್ರಶ್ನೆ. ಹೆಂಗಸರಿಗೆ ಮೊದಲು ಹೊಳೆಯೋದೇ ಇದು, ಅಲ್ವಾ? ಮೇಲೆ ಹೇಳಿದ ಕೋನಿ ಇನ್ನೊಬ್ಬರನ್ನು ಕೂರಿಸಿಯೇ ಏಳಬೇಕಿತ್ತು. ಬೋರ್ಡಿನ ಪಕ್ಕ ಯಾರೂ ಇಲ್ಲ ಅಂದರೆ ಪಾರ್ಕಿನ ಪೊಲೀಸರು ಸಾಮಾನನ್ನೆಲ್ಲ ಎತ್ತಿಕೊಂಡು ಹೋಗಬಹುದು. 2013ರ ಸೆಪ್ಟೆಂಬರಿನಲ್ಲಿ ಹಾಗೇ ಆಯಿತು. ರಾತ್ರಿ ಪಾಳಿಯವರು ಯಾರೋ ಎದ್ದು ಹೋದರು, ಬೆಳಗಾಗುವಷ್ಟರಲ್ಲಿ ಜಾಗ ಖಾಲಿ. ಕೋನಿಯ ಕಡೆಯವರು ಹೋಗಿ ಸಾಮಾನು ಬಿಡಿಸಿಕೊಂಡು ಬಂದರು. ಮತ್ತೆ ಅಲ್ಲೇ ಜೋಡಿಸಿ ಕೂತರು.