ಓದುಗರ ಪ್ರಶ್ನೆ: ಒಬ್ಬಳೇ ಸ್ಕೂಟರ್‌ನಲ್ಲಿ ದುರ್ಗಕ್ಕೆ ಹೋಗಲಾ?

ಹೋದ ಸಂಚಿಕೆಯಲ್ಲಿ ನಾನೊಬ್ಬಳೇ ಸೂಳೆಕೆರೆ ಏರಿಯ ಮೇಲೆ ಒಂದು ಸಂಜೆ ಕಳೆದದ್ದನ್ನು ಬರೆದಿದ್ದೆ. ಅದನ್ನು ಓದಿ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಎಷ್ಟು ಪತ್ರ ಬಂದಿವೆ ಎಂದರೆ ಈ ಸಲದ ಪುಟ ಪೂರ್ತಿ ಅವಕ್ಕೇ.

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆಯಲ್ಲಿ ಟೀಚರ್. ಹತ್ತು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದೇನೆ, ಆದರೆ ಊರು ದಾಟಿಲ್ಲ. ದುರ್ಗದ ಕೋಟೆ ನೋಡಬೇಕು ಅಂದರೆ ಮನೆಯಲ್ಲಿ “ಎಲ್ಲರೂ ಸೇರಿ ಹೋಗೋಣ” ಅಂತಾರೆ. ಆ ದಿನ ಬರುವುದೇ ಇಲ್ಲ. ಒಬ್ಬಳೇ ಹೋಗಲಾ?

ಉತ್ತರ: ಹೋಗಿ ತಂಗಿ. ಆದರೆ ಮೊದಲ ಸಲವೇ ದುರ್ಗ ಬೇಡ, ಹರಿಹರಕ್ಕೆ ಹೋಗಿ ಬನ್ನಿ. ಹತ್ತಿರ ಹತ್ತಿರ 14 ಕಿಲೋಮೀಟರ್. ಹರಿಹರೇಶ್ವರನ ಗುಡಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಲ್ಲಿ ಒಂದು ಕಂಬಕ್ಕೆ ಒರಗಿ ಹತ್ತು ನಿಮಿಷ ಸುಮ್ನೆ ಕೂತು, ತುಂಗಭದ್ರೆ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬನ್ನಿ. ನೀವು ಹೋಗಿದ್ದು, ಬಂದದ್ದು ಮನೆಯವರ ಕಣ್ಣಿಗೂ ಬೀಳುತ್ತದೆ. ಮುಂದಿನ ಭಾನುವಾರ ದುರ್ಗ ಅಂದರೆ ಅವರಿಗೂ ಅಷ್ಟು ಗಾಬರಿ ಆಗಲ್ಲ, ನಿಮಗೂ 60 ಕಿಲೋಮೀಟರ್ ದೂರ ಅನ್ನಿಸಲ್ಲ.

ದುರ್ಗದ ಕೋಟೆಗೆ ನಾನು ಬೇರೆಯವರ ಜೊತೆ ಏಳೆಂಟು ಸಲ ಹೋಗಿದ್ದೆ. ಪ್ರತಿ ಸಲವೂ ಅದೇ ಕಥೆ. ಓಬವ್ವನ ಕಿಂಡಿ, ಒಂದು ಫೋಟೋ, ಮಕ್ಕಳಿಗೆ ಬಾಯಾರಿಕೆ, ಯಾರಿಗೋ ಕಾಲು ನೋವು, ನಡೀರಿ ವಾಪಸ್. ಒಬ್ಬಳೇ ಹೋದದ್ದು ಜೋರು ಮಳೆ ಬಂದ ಮರುದಿನ ಬೆಳಗ್ಗೆ. ಅವತ್ತು ನನಗೆ ಕಿಂಡಿ ನೋಡುವ ಮನಸ್ಸೇ ಇರಲಿಲ್ಲ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಅಷ್ಟು ಕಲ್ಲಿನ ಮಧ್ಯೆ, ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ, ನಾಯಕರು ಒಂದು ಹನಿಯನ್ನೂ ಪೋಲು ಮಾಡಿಲ್ಲ. ಬಂಡೆಯ ಮೇಲೆ ನೀರು ಹರಿದು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತದೆ, ಅದನ್ನೇ ಹಿಡಿದುಕೊಂಡು ಒಂದೂವರೆ ಗಂಟೆ ನಡೆದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಅವರನ್ನು ಇದಕ್ಕೆ ಎಳೆದುಕೊಂಡು ಹೋಗಲು ನನಗೇ ಸಂಕೋಚ ಆಗುತ್ತಿತ್ತು. ಆಮೇಲೆ ಸಿಡಿಮದ್ದು ಬೀಸುವ ಕಲ್ಲುಗಳ ಹತ್ತಿರ ಹೋಗಿ ಕೂತೆ. ಆಳೆತ್ತರದ ಕಲ್ಲುಗಳು. ಅಂಚಿಗೆ ಕೈಯಿಟ್ಟರೆ ಬೆಳಗ್ಗೆ ಒಂಬತ್ತಕ್ಕೇ ಬೆಚ್ಚಗಾಗಿದ್ದವು.

ಬೆಳಗ್ಗೆ ಆರಕ್ಕೆ ಹೊರಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ, ಫೋನಿನಲ್ಲಿ ಲೊಕೇಶನ್ ಹಾಕಿಟ್ಟಿರಿ. ಹೈವೇಯಲ್ಲಿ ಎಡಕ್ಕೆ ನಿಮ್ಮ ಪಾಡಿಗೆ ನೀವು 50ರಲ್ಲಿ ಹೋಗಿ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣುತ್ತಿಲ್ಲ ಅಂದರೆ ಅವರಿಗೂ ನೀವು ಕಾಣುತ್ತಿಲ್ಲ, ಅಲ್ಲಿ ನಿಲ್ಲಬೇಡಿ. ದುರ್ಗ ಹತ್ತಿರ ಬಂದ ಹಾಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ, ಗಾಳಿ ನಿಜವಾಗಿ ಜಾಸ್ತಿ. ಅಡ್ಡಗಾಳಿಗೆ ಸ್ಕೂಟರ್ ವಾಲುತ್ತದೆ, ಹ್ಯಾಂಡಲ್ ಬಿಗಿ ಹಿಡಿಯದೆ ವೇಗ ಕಮ್ಮಿ ಮಾಡಿ.

ಪ್ರಶ್ನೆ: ನನಗೆ 61. ಚಿತ್ರದುರ್ಗ. ಹೆಂಡತಿ ತೀರಿಕೊಂಡು ಎರಡು ವರ್ಷ. ಮಗ ಬೆಂಗಳೂರಿನಲ್ಲಿ. ಕಾರು ಶೆಡ್ಡಿನಲ್ಲಿ ನಿಂತಿದೆ. ಈ ವಯಸ್ಸಿನಲ್ಲಿ ಒಬ್ಬನೇ ಸುತ್ತಿದರೆ ಜನ ಏನಂದುಕೊಳ್ಳುತ್ತಾರೆ?

ಉತ್ತರ: ಸರ್, ಜನ ಎರಡು ದಿನ ಮಾತಾಡುತ್ತಾರೆ, ಮೂರನೇ ದಿನ “ಎಲ್ಲಿಗೆ ಹೋಗಿದ್ರಿ, ರಸ್ತೆ ಹೇಗಿದೆ” ಅಂತ ಅವರೇ ಬಂದು ಕೇಳುತ್ತಾರೆ. ನಿಮ್ಮ ಪತ್ರ ಓದಿದಾಗ ನನಗೆ ಬ್ರಹ್ಮಗಿರಿ ನೆನಪಾಯಿತು. ನಿಮ್ಮದೇ ಜಿಲ್ಲೆ. ಚಳ್ಳಕೆರೆ ದಾಟಿ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ನಿಜ ನುಡಿಯಬೇಕು ಅಂತ ಅದರಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಸಾಲು. ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದೆ, ಆದರೆ ತಾನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ದೂರದ ವಾಯವ್ಯದ ಕಡೆ, ಗಾಂಧಾರದ ಸೀಮೆಯಲ್ಲಿ ನಡೆಯುತ್ತಿದ್ದದ್ದು. ಅಷ್ಟು ದೂರದ ಅಕ್ಷರ ಬಲ್ಲವನೊಬ್ಬ 2,200 ವರ್ಷಕ್ಕೂ ಹಿಂದೆ ಈ ಬಿಸಿಲಲ್ಲಿ ಕೂತು ತನ್ನ ಕಸುಬಿನ ಹೆಸರನ್ನು ಕೊರೆದಿದ್ದಾನಲ್ಲ, ಅದನ್ನು ಯೋಚಿಸುತ್ತಾ ನಾನು ಒಂದು ಗಂಟೆ ಅಲ್ಲೇ ಇದ್ದೆ. ಕುರಿ ಮೇಯಿಸುತ್ತಿದ್ದ ಅಜ್ಜ ಬಂದು “ಯಾವೂರಮ್ಮಾ, ಒಬ್ಳೇ ಬಂದೀಯಾ?” ಅಂದರು. ಹೌದಜ್ಜ ಅಂದೆ. ಅವರು ಮತ್ತೇನೂ ಕೇಳಲಿಲ್ಲ, ಕಂಬಳಿಯ ಗಂಟು ಬಿಚ್ಚಿ ಒಂದು ಹಿಡಿ ಹುರಿದ ಶೇಂಗಾ ಕೊಟ್ಟು ಸ್ವಲ್ಪ ದೂರದಲ್ಲಿ ತಾವೂ ಕೂತರು. ನಾಲ್ಕು ಜನ ಗದ್ದಲ ಮಾಡಿಕೊಂಡು ಹೋಗಿದ್ದರೆ ಅವರು ಹತ್ತಿರವೇ ಬರುತ್ತಿರಲಿಲ್ಲ.

ನಿಮ್ಮ ಮನೆಯವರ ನೆನಪು ದಾರಿಯಲ್ಲಿ ಬಂದೇ ಬರುತ್ತದೆ. ಬರಲಿ ಸರ್. ಕಾರು ಪಕ್ಕಕ್ಕೆ ಹಾಕಿ ಅತ್ತು ಹಗುರಾಗಿ ಹೊರಡಲು ಒಬ್ಬರೇ ಇದ್ದಾಗ ಯಾರ ಅಪ್ಪಣೆಯೂ ಬೇಡ. ಶೆಡ್ಡಿನಲ್ಲಿ ನಿಂತ ಕಾರು ಅಂದಿರಿ, ಬ್ಯಾಟರಿ, ಟೈರ್, ಬ್ರೇಕ್ ಮೂರನ್ನೂ ಮೆಕ್ಯಾನಿಕ್‌ಗೆ ತೋರಿಸದೆ ತೆಗೆಯಬೇಡಿ. ಮಾತ್ರೆ ಜೊತೆಗಿರಲಿ. ಬಿಸಿಲು ಏರುವ ಮೊದಲು ನೆರಳು ಸೇರಿ, ಕತ್ತಲಾಗುವ ಮೊದಲು ಮನೆ ಸೇರಿ.

ಪ್ರಶ್ನೆ: ಒಬ್ಬನೇ ಹೋದಾಗ ದಾರಿಯಲ್ಲಿ ಪಂಚರ್ ಆದರೆ? ಬೈಕ್ ಸವಾರ, ಹಿರಿಯೂರು.

ಉತ್ತರ: ನನಗೆ ಆಗಿದೆ, ಅದೂ ನಿಮ್ಮ ಊರಿನ ಹತ್ತಿರವೇ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತಲ್ಲ, 1933ರ ನಂತರ ಅದೇ ಮೊದಲು. ಅದನ್ನು ನೋಡಿ ವಾಪಸ್ ಬರುವಾಗ ಹಿಂದಿನ ಚಕ್ರಕ್ಕೆ ಮೊಳೆ. ಟ್ಯೂಬ್‌ಲೆಸ್ ಟೈರ್ ಆಗಿದ್ದರೆ ಮೊಳೆ ಕೀಳಬೇಡಿ, ಅದೇ ತೂತನ್ನು ಮುಚ್ಚಿಕೊಂಡಿರುತ್ತದೆ. ಗಾಳಿ ನಿಧಾನಕ್ಕೆ ಇಳಿಯುತ್ತದೆ, ಮೆಲ್ಲಗೆ ಪಂಚರ್ ಅಂಗಡಿವರೆಗೆ ಹೋಗಬಹುದು. ನಾನು ಹಾಗೇ ಹೋದೆ. ಟ್ಯೂಬ್ ಇರುವ ಟೈರ್ ಆದರೆ ಓಡಿಸಬೇಡಿ, ಟ್ಯೂಬ್ ಹರಿಯುತ್ತದೆ, ತಳ್ಳಬೇಕು. ಪಂಚರ್ ಕಿಟ್ಟು, ಚಿಕ್ಕ ಪಂಪು ಸೀಟಿನ ಕೆಳಗಿರಲಿ. ಊರಲ್ಲಿ ಪಂಚರ್ ಹಾಕುವವರ ಪಕ್ಕ ಕೂತು ಒಂದು ಸಲ ಕಲಿತುಕೊಳ್ಳಿ, ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಬೇರೆ ಎಲ್ಲಾದರೂ ಅಪಾಯ ಅನ್ನಿಸಿದರೆ 112.

ಪ್ರಶ್ನೆ: ಒಂಟಿ ಹೆಂಗಸಿಗೆ ಲಾಡ್ಜ್‌ನಲ್ಲಿ ರೂಮ್ ಕೊಡುತ್ತಾರಾ?

ಉತ್ತರ: ಕೆಲವು ಕಡೆ ಕೊಡಲ್ಲ. ಒಂದು ಊರಿನಲ್ಲಿ ರಾತ್ರಿ ಎಂಟಕ್ಕೆ ನನಗೆ “ಜೊತೆಗೆ ಗಂಡಸರು ಯಾರೂ ಇಲ್ವಾ, ಹಂಗಾದ್ರೆ ಆಗಲ್ಲ” ಅಂದರು. ಆಧಾರ್ ಕಾರ್ಡ್ ಕೈಯಲ್ಲೇ ಇತ್ತು. ಅವತ್ತು ಬಂದ ಸಿಟ್ಟು ಈಗಲೂ ಹೋಗಿಲ್ಲ, ಅದು ತಪ್ಪು, ತಪ್ಪೇ. ಅವತ್ತಿನಿಂದ ಮೊದಲೇ ಫೋನ್ ಮಾಡಿ “ಒಬ್ಬಳೇ ಬರುತ್ತಿದ್ದೇನೆ” ಅಂತ ನೇರ ಹೇಳಿ ರೂಮ್ ಬುಕ್ ಮಾಡುತ್ತೇನೆ. ರಾಜ್ಯದ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿಯ ಮಯೂರ ಹೋಟೆಲ್ ಇರುವ ಊರಾದರೆ ಮೊದಲು ಅಲ್ಲಿಗೆ ಕೇಳುತ್ತೇನೆ.

ಪ್ರಶ್ನೆ: ಗಾಡಿ ಓಡಿಸಲು ಬರಲ್ಲ. ನನ್ನಂಥವಳು ಏನು ಮಾಡಬೇಕು?

ಉತ್ತರ: ಬಸ್ಸು ಹತ್ತಿ. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಖಾಸಗಿ ಬಸ್ಸಿಗೆ ಅದು ನಡೆಯಲ್ಲ, ದಾವಣಗೆರೆ ಕಡೆ ಅವೇ ಜಾಸ್ತಿ, ಆದ್ದರಿಂದ ಚಿಲ್ಲರೆ ಇಟ್ಟುಕೊಂಡಿರಿ. ಮೊದಲು ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿ. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು. ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಕೊನೆಯ ಬಸ್ಸಿನ ಹೊತ್ತು ಮಾತ್ರ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಎಲ್ಲ ಸರಿ ಅಕ್ಕ, ಹೋಟೆಲ್‌ನಲ್ಲಿ ಒಬ್ಬಳೇ ಕೂತು ತಿನ್ನಲು ಮುಜುಗರ ಆಗುತ್ತದೆ.

ಉತ್ತರ: ಹಾಗಾದರೆ ನಿಮ್ಮ ಊರಿನ ಬೆಣ್ಣೆ ದೋಸೆಯಿಂದಲೇ ಶುರು ಮಾಡಿ. ಬೆಳಗ್ಗೆ ಏಳೂವರೆಗೆ ಹೋಗಿ, ಒಲೆ ಕಾಣುವ ಟೇಬಲ್ ಹಿಡಿಯಿರಿ. ಕಾವಲಿಯ ಮೇಲೆ ಬೆಣ್ಣೆ ಕರಗುವುದನ್ನು, ದೋಸೆಯ ಅಂಚು ಕೆಂಪಾಗುವುದನ್ನು ನೋಡುತ್ತಾ ಕೂತರೆ ಪಕ್ಕದವರ ಕಡೆ ಗಮನವೇ ಹೋಗಲ್ಲ. ಬಿಸಿ ಆರುವ ಮೊದಲು ತಿನ್ನಿ. ಆಮೇಲೆ ಒಂದು ಖಾಲಿ ದೋಸೆ ಹೇಳಿ, ಅದಕ್ಕೆ ಚಟ್ನಿ ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ.